ಭಾರ ಸೊಂಟಕ್ಕೆ, ದಾರಿ ಕೈಗೆ

ಜುಲೈ ತಿಂಗಳ ಬೆಳಗು, ಆಸ್ಟ್ರೇಲಿಯಾದ ಚಳಿಗಾಲ. ಮೆಲ್ಬರ್ನ್ ಬಿಟ್ಟು ಎರಡೂವರೆ ಗಂಟೆ ಕಾರಿನಲ್ಲಿ ಕೂತು ಬಂದಿದ್ದೀರಿ. ಮೋಲಿಯಾಗಲ್ ಊರು ದಾಟಿ, ಮಣ್ಣುದಾರಿ ಮುಗಿಯುವಲ್ಲಿ ಇಳಿದರೆ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಬೂಟಿನಡಿ ಕರಕರ ಅನ್ನುತ್ತದೆ. ಸುತ್ತಲೂ ಐರನ್‌ಬಾರ್ಕ್ ಮರಗಳು. ಕಪ್ಪು ತೊಗಟೆ, ಅದರಲ್ಲಿ ಬೆರಳು ತೂರುವಷ್ಟು ಆಳದ ಬಿರುಕು. ನೆಲ ಕೆಂಪು, ನಡುನಡುವೆ ಬೆಣಚುಕಲ್ಲಿನ ಬಿಳಿ ಚೂರು. ಬಂಗಾರ ಹುಡುಕಿ ಬಂದ ಹಿಂದಿನವರು ತೋಡಿಬಿಟ್ಟ ಗುಂಡಿಗಳು ಇನ್ನೂ ಬಾಯ್ತೆರೆದುಕೊಂಡಿವೆ. ಪಕ್ಕದಲ್ಲಿ ಅವರೇ ಸುರಿದ ಮಣ್ಣಿನ ದಿಬ್ಬಗಳು. ಇಲ್ಲಿ ನೋಡಿಕೊಂಡೇ ಹೆಜ್ಜೆ ಇಡಬೇಕು.

ಜೊತೆಗೆ ಬಂದಿರುವವರು ಕೋಲಾರದ ಕೆ.ಜಿ.ಎಫ್. ಕಡೆಯವರು. ಮೆಲ್ಬರ್ನ್‌ನಲ್ಲಿ ನೆಲೆಸಿ ಬಹಳ ಕಾಲವಾಯಿತು. ನೀವು ಅಣ್ಣಾ ಅಂತಲೇ ಕರೆಯುತ್ತೀರಿ. ಅವರ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ ಅದು. ಈ ಕಾಡಿನ ಕಥೆ ತಲೆಕೆಳಗು. 1869ರಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಎಂಬ ಇಬ್ಬರಿಗೆ ಇದೇ ಮೋಲಿಯಾಗಲ್‌ನಲ್ಲಿ, ಮರದ ಬೇರಿನ ಬಳಿ, ನೆಲದಿಂದ ಮೂರು ಸೆಂಟಿಮೀಟರ್ ಕೆಳಗೆ ಸುಮಾರು 72 ಕಿಲೋ ಬಂಗಾರದ ಗಟ್ಟಿ ಸಿಕ್ಕಿತು. ಡನೋಲಿ ಊರಿನಲ್ಲಿ ಅದನ್ನು ತೂಗುವ ತಕ್ಕಡಿ ಇಲ್ಲದೆ ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆದರು. ಇಬ್ಬರೂ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು. ಕೋಲಾರದ ಗಣಿಗಳಿಗೂ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದಿದ್ದರು. ಇದನ್ನು ಹೇಳುವಾಗ ಅಣ್ಣನ ದನಿಯಲ್ಲಿ ನೆಂಟಸ್ತಿಕೆಯ ಹೆಮ್ಮೆ ಇರುತ್ತದೆ.

ಕಾರಿನ ಡಿಕ್ಕಿಯಿಂದ ಅಣ್ಣ ಬಂಗಾರ ಹುಡುಕುವ ಮೆಟಲ್ ಡಿಟೆಕ್ಟರ್ ತೆಗೆಯುತ್ತಾರೆ. ಮೈನ್‌ಲ್ಯಾಬ್ ಕಂಪನಿಯ ಜಿಪಿಎಕ್ಸ್ 5000. ಕಬ್ಬಿಣದ ಅಂಶ ತುಂಬಿದ ಈ ಕೆಂಪು ಮಣ್ಣಿಗೆ ಹೇಳಿ ಮಾಡಿಸಿದ ಯಂತ್ರ. ಬ್ಯಾಟರಿ ಬೇರೆಯೇ, ಅದು ಬೆನ್ನಿಗೆ ಹೋಗುತ್ತದೆ. ಅದನ್ನು ಬಿಟ್ಟೂ ಕೈಗೆ ಬರುವುದು ಎರಡು ಕಿಲೋ ದಾಟುತ್ತದೆ.

“ಮೊದಲು ಬೆಲ್ಟು-ಗಿಲ್ಟು ಏನೂ ಬೇಡ. ಬರೀ ಕೈಯಲ್ಲಿ ಹಿಡಿದು ಹತ್ತು ನಿಮಿಷ ಬೀಸು, ನೋಡೋಣ,” ಅನ್ನುತ್ತಾರೆ ಅಣ್ಣ.

ಬೀಸುತ್ತೀರಿ. ಎಡಕ್ಕೆ, ಬಲಕ್ಕೆ. ಕಿವಿಯಲ್ಲಿ ಹೆಡ್‌ಫೋನಿನ ಸಣ್ಣ ಗುನುಗು. ಎರಡು ನಿಮಿಷ ಏನೂ ಅನ್ನಿಸುವುದಿಲ್ಲ. ನಾಲ್ಕನೇ ನಿಮಿಷಕ್ಕೆ ಕತ್ತು ಮತ್ತು ಹೆಗಲು ಕೂಡುವಲ್ಲಿ ಸಣ್ಣಗೆ ಉರಿ. ಆಮೇಲೆ ರಟ್ಟೆಯ ಹೊರಮಗ್ಗುಲು ಬಿಗಿಯುತ್ತದೆ. ಹಿಡಿ ಜಾರೀತೆಂದು ಬೆರಳು ಇನ್ನಷ್ಟು ಒತ್ತುತ್ತವೆ, ಮುಂಗೈ ನರ ಎದ್ದು ಕಾಣುತ್ತದೆ.

“ಈಗ ಕಾಯಿಲ್ ನೋಡು.”

ನೋಡುತ್ತೀರಿ. ಕಾಯಿಲ್ ಅಂದರೆ ದಂಡದ ತುದಿಯ ತಟ್ಟೆ. ಬೀಸಿನ ನಡುವೆ ಅದು ನೆಲಕ್ಕೆ ತಾಗುವಂತೆ ಸಾಗುತ್ತಿದೆ. ಎರಡೂ ಕೊನೆಗಳಲ್ಲಿ ಮಾತ್ರ ಒಂದು ಗೇಣು ಮೇಲೆದ್ದುಬಿಟ್ಟಿದೆ. ಅದು ಏಳುತ್ತಿರುವುದು ನಿಮಗೆ ಗೊತ್ತೇ ಆಗಿರಲಿಲ್ಲ.

ಕೈನೋವು ಬರೀ ನೋವಿನ ಮಾತಲ್ಲ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಕಾಯಿಲ್ ನೆಲ ಬಿಟ್ಟು ಎಷ್ಟು ಎದ್ದಿತೋ ಅಷ್ಟು ಆಳ ಕೈತಪ್ಪಿತು. ಅಕ್ಕಿಕಾಳಿನ ಗಾತ್ರದ ಬಂಗಾರಕ್ಕೆ ಐದು ಸೆಂಟಿಮೀಟರಿನ ವ್ಯತ್ಯಾಸವೆಂದರೆ ಇದ್ದೂ ಇಲ್ಲವಾಗುವ ವ್ಯತ್ಯಾಸ. ದಣಿದ ಹೆಗಲು ಕಿವಿಯನ್ನೂ ಮಂದ ಮಾಡುತ್ತದೆ. ನೋವಿನ ಕಡೆ ಹೋದ ಗಮನ ಸದ್ದಿನ ಕಡೆ ಇರಲಾರದು. ಹಾಗಾಗಿ ಹೆಗಲನ್ನು ಕಾಪಾಡಿಕೊಳ್ಳುವುದು ಹುಡುಕಾಟದ ಭಾಗವೇ, ಬೇರೆ ಕೆಲಸವಲ್ಲ.

ಅಣ್ಣ ಯಂತ್ರವನ್ನು ಇಸಿದುಕೊಂಡು ಪಟ್ಟಿಗಳ ಹಾರ್ನೆಸ್ ನಿಮ್ಮ ಬೆನ್ನಿಗೆ ಹಾಕುತ್ತಾರೆ. ಮೊದಲು ಬಿಗಿಯುವುದು ಸೊಂಟದ ಪಟ್ಟಿ, ಸೊಂಟದ ಮೂಳೆಯ ಮೇಲೆ ಕೂರುವ ಹಾಗೆ. ಹೆಗಲ ಪಟ್ಟಿಗಳು ಆಮೇಲೆ, ಒಂದೆರಡು ಬೆರಳು ನುಗ್ಗುವಷ್ಟು ಸಡಿಲ. ಬ್ಯಾಟರಿ, ನೀರು ಎಲ್ಲವೂ ಬೆನ್ನಿಗೆ ಅಂಟಿ ಕೂರುತ್ತವೆ. ಬಲಹೆಗಲಿನ ಹತ್ತಿರದಿಂದ ರಬ್ಬರಿನಂತೆ ಹಿಗ್ಗುವ ಒಂದು ಬಂಜೀ ಹಗ್ಗ ಇಳಿಯುತ್ತದೆ. ಅದರ ಕೊಕ್ಕೆಯನ್ನು ಡಿಟೆಕ್ಟರಿನ ದಂಡಕ್ಕೆ, ಹಿಡಿಗಿಂತ ತುಸು ಮುಂದೆ ಸಿಕ್ಕಿಸುತ್ತಾರೆ.

“ನೀರಿನ ಕೊಡ ಹೊತ್ತವರನ್ನು ನೋಡಿದೀಯಲ್ಲ? ಸೊಂಟಕ್ಕೆ ಏರಿಸಿಕೊಂಡು ಮೈಲಿಗಟ್ಟಲೆ ನಡೀತಾರೆ. ಅದನ್ನೇ ಚಾಚಿದ ಕೈಯಲ್ಲಿ ಹಿಡಿ ಅನ್ನು, ಹತ್ತು ಹೆಜ್ಜೆ ಇಡೋಕಾಗಲ್ಲ. ಕೊಡ ಅದೇ, ನೀರೂ ಅಷ್ಟೇ.”

ಹಗ್ಗದ ಉದ್ದ ಸರಿಮಾಡುವುದಕ್ಕೆ ಅಣ್ಣ ತೆಗೆದುಕೊಳ್ಳುವಷ್ಟು ಹೊತ್ತನ್ನು ಇನ್ಯಾವುದಕ್ಕೂ ಕೊಡುವುದಿಲ್ಲ. “ಕೈ ಬಿಡು,” ಅನ್ನುತ್ತಾರೆ. ಬಿಡುತ್ತೀರಿ. ಕಾಯಿಲ್ ಮಣ್ಣಿಗೆ ಕುಸಿಯುತ್ತದೆ. ಹಗ್ಗ ಉದ್ದವಾಯಿತು. ಒಂದು ಗಂಟು ಬಿಗಿದು ಮತ್ತೆ ಕೈ ಬಿಡಿಸುತ್ತಾರೆ. ಈಗ ಕಾಯಿಲ್ ಮೊಣಕಾಲ ಮಟ್ಟಕ್ಕೆ ಪುಟಿದು ನಿಲ್ಲುತ್ತದೆ. ಇದೂ ಕೂಡದು; ದಿನವಿಡೀ ಅದನ್ನು ಕೆಳಕ್ಕೆ ಒತ್ತಬೇಕಾದರೆ ಭಾರ ಎತ್ತಿದಷ್ಟೇ ಆಯಾಸ, ಸ್ನಾಯು ಬೇರೆ ಅಷ್ಟೇ. ಮೂರನೇ ಸಲ ಯಂತ್ರ ತನ್ನಷ್ಟಕ್ಕೆ ತಾನೇ ನೆಲದಿಂದ ಎರಡು ಬೆರಳು ಮೇಲೆ ತೂಗಾಡುತ್ತ ನಿಂತಾಗ ಅಣ್ಣನ ಮುಖ ಅರಳುತ್ತದೆ. ತೋರುಬೆರಳಿನ ತುದಿಯಿಂದ ದಂಡವನ್ನು ಮೆಲ್ಲಗೆ ತಳ್ಳಿ ನೋಡಿ: ಎರಡು ಕಿಲೋ ಮೀರಿದ ವಸ್ತು ಒಂದು ಬೆರಳಿಗೆ ಓಗೊಟ್ಟು ಪಕ್ಕಕ್ಕೆ ಸರಿಯುತ್ತದೆ.

ಇನ್ನು ದಂಡದ ಉದ್ದ. ನೆಟ್ಟಗೆ ನಿಂತು ತೋಳನ್ನು ಸಡಿಲ ಬಿಟ್ಟಾಗ ಮೊಣಕೈ ಪಕ್ಕೆಯ ಹತ್ತಿರ ಇರಬೇಕು, ಕಾಯಿಲ್ ಪಾದದಿಂದ ಒಂದು ದೊಡ್ಡ ಹೆಜ್ಜೆ ಮುಂದೆ. ದಂಡ ಗಿಡ್ಡವಾದರೆ ಬೆನ್ನು ಬಾಗುತ್ತದೆ. ಉದ್ದವಾದರೆ ಕಾಯಿಲ್ ಮೈಯಿಂದ ದೂರ ಹೋಗುತ್ತದೆ, ಭಾರ ಕಾಡುವುದು ಈ ದೂರದಿಂದಲೇ. ಮೊಣಕೈ ಹತ್ತಿರದ ತೋಳಾಸರೆಯಿಂದ ಹಿಡಿಗೆ ಒಂದು ಪಾಲು ದೂರವಿದ್ದರೆ ಕಾಯಿಲ್‌ಗೆ ಹೆಚ್ಚುಕಡಿಮೆ ಮೂರು ಪಾಲು. ಸನ್ನೆಕೋಲಿನ ಲೆಕ್ಕದಲ್ಲಿ, ತುದಿಯ ಕಾಯಿಲ್ 200 ಗ್ರಾಂ ಹೆಚ್ಚು ತೂಗಿದರೆ ಅಂಗೈ ಹೆಚ್ಚುವರಿಯಾಗಿ ಹೊರುವುದು 600 ಗ್ರಾಂ. ದೊಡ್ಡ ಕಾಯಿಲ್ ಆಳಕ್ಕೆ ನೋಡುತ್ತದೆಂದು ಆಸೆಪಟ್ಟು ಹಾಕುವವರು ಈ ಲೆಕ್ಕವನ್ನು ಮೊದಲು ಮಾಡಿಕೊಳ್ಳಬೇಕು. ಇವತ್ತಿನ ಪೊದೆಕಾಡಿಗೆ ಹನ್ನೊಂದು ಇಂಚಿನದು ಧಾರಾಳ ಸಾಕು. ಬ್ಯಾಟರಿ ಬೆನ್ನಿಗೆ ಹೋಗಿರುವುದೂ ಇದೇ ಕಾರಣಕ್ಕೆ. ತೂಕ ಕಡಿಮೆಯಾಗಿಲ್ಲ, ಇರಬೇಕಾದ ಕಡೆ ಹೋಗಿ ಕೂತಿದೆ.

ಮತ್ತೆ ಬೀಸುತ್ತೀರಿ. “ಹೆಗಲಿಂದ ಅಲ್ಲಪ್ಪಾ, ಸೊಂಟದಿಂದ,” ಹಿಂದಿನಿಂದ ದನಿ ಬರುತ್ತದೆ. ಪಾದ ತುಸು ಅಗಲಿಸಿ, ಮಂಡಿ ಸಡಿಲ ಬಿಟ್ಟು ಎದೆಯನ್ನೇ ಎಡಕ್ಕೂ ಬಲಕ್ಕೂ ತಿರುಗಿಸುತ್ತೀರಿ, ತೋಳು ಹಿಂಬಾಲಿಸುತ್ತದೆ. ಬೀಸಿನ ಅಗಲ ಒಂದು ಮೀಟರಿಗಿಂತ ಹೆಚ್ಚಿಲ್ಲ. ಅದಕ್ಕಿಂತ ಆಚೆ ಹೋಗಬೇಕಾದರೆ ಕೈ ಚಾಚುವುದಲ್ಲ, ಪಾದ ಸರಿಸುವುದು. ವೇಗವನ್ನೂ ಇಳಿಸುತ್ತೀರಿ. ಬೀಸಿದ ಯಂತ್ರವನ್ನು ಪ್ರತಿ ಕೊನೆಯಲ್ಲೂ ತಡೆದು ಹಿಂದಕ್ಕೆ ತಿರುಗಿಸುವುದು ಭುಜವೇ. ವೇಗ ಹೆಚ್ಚಿದಷ್ಟೂ ಆ ಹೊಡೆತ ಜೋರು. ಆಳದ ಸಣ್ಣ ಬಂಗಾರ ಕೇಳಬೇಕಾದರೂ ಈ ಯಂತ್ರಕ್ಕೆ ನಿಧಾನವೇ ಬೇಕು. ಯಂತ್ರಕ್ಕೂ ಹೆಗಲಿಗೂ ಬೇಕಾದದ್ದು ಒಂದೇ ಆಗಿರುವುದು ನಮ್ಮ ಅದೃಷ್ಟ.

ಹಿಡಿಯನ್ನು ಒತ್ತಿ ಹಿಡಿಯುವ ಚಾಳಿ ಬೇಗ ಹೋಗುವುದಿಲ್ಲ. ಅರ್ಧ ಗಂಟೆಯ ನಂತರ ಅಣ್ಣ ಬಂದು ನಿಮ್ಮ ಬೆರಳುಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಇಡೀ ದಿನ ಬಿಗಿಹಿಡಿತ ಇದ್ದರೆ ಮೊಣಕೈಯ ಹೊರಗಿನ ಸ್ನಾಯುರಜ್ಜು ನೋಯತೊಡಗುತ್ತದೆ, ಟೆನಿಸ್ ಎಲ್ಬೋ ಅನ್ನುವ ಆ ನೋವು ಟೆನಿಸ್ ಆಡದವರನ್ನೂ ಬಿಡುವುದಿಲ್ಲ.

ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತೀರಿ, ನೋವಿಲ್ಲದಿದ್ದರೂ. ಒಂದೇ ಭಂಗಿಯಲ್ಲಿ ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಂಡಿಕೊಳ್ಳುತ್ತದೆ. ಸಡಿಲಿಸಿದಾಗಲೇ ರಕ್ತ ಚೆನ್ನಾಗಿ ಹರಿಯುವುದು. ಕೊಕ್ಕೆ ಬಿಚ್ಚಿ, ಕೈ ಜೋಲುಬಿಟ್ಟು, ಹೆಗಲನ್ನು ಹಿಂದಕ್ಕೆ ನಾಲ್ಕು ಸುತ್ತು ತಿರುಗಿಸಿದರೆ ಆಯಿತು. ಚಳಿಯಲ್ಲೂ ನೀರು ಕುಡಿಯುವುದನ್ನು ಅಣ್ಣ ಮರೆಯಗೊಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊಕ್ಕೆ ಎಡಮಗ್ಗುಲಿಗೆ ಬರುತ್ತದೆ. ಎಡಗೈಗೆ ಮೊದಲು ದಿಕ್ಕೇ ತಿಳಿಯುವುದಿಲ್ಲ, ಕಾಯಿಲ್ ಪೊದೆಗೆ ತಗಲುತ್ತದೆ. ಭಾರ ಹೇಗೂ ಅದರ ಮೇಲಿಲ್ಲವಾದ್ದರಿಂದ ಕಲಿಯುವುದು ತಡವಾಗುವುದಿಲ್ಲ.

ಆಗಲೇ ಕೇಳುತ್ತದೆ. ಬೀಸಿನ ತೀರಾ ಎಡತುದಿಯಲ್ಲಿ, ಬೆಳಿಗ್ಗೆ ತಟ್ಟೆ ಮೇಲೇಳುತ್ತಿದ್ದಂಥ ಜಾಗದಲ್ಲಿ, ಗುನುಗು ಕೂದಲೆಳೆಯಷ್ಟು ಅಲುಗುತ್ತದೆ. ನಿಲ್ಲುತ್ತೀರಿ. ಅಡ್ಡದಿಕ್ಕಿನಿಂದ ಬೀಸಿದರೂ ಅದೇ ಅಲುಗಾಟ. ಬಂಜೀ ಬಿಚ್ಚಿ, ಒಂದು ಮಂಡಿಯೂರಿ ಪಿಕಾಸಿ ಎತ್ತುತ್ತೀರಿ. ಅದನ್ನೂ ಹೆಗಲೆತ್ತರಕ್ಕೆ ಬೀಸಬೇಕಿಲ್ಲ. ಪಿಕಾಸಿಯ ತೂಕವೇ ಬಿದ್ದು ಕೆಲಸ ಮಾಡಲಿ. ಒದ್ದೆ ಮಣ್ಣು ಹೆಂಟೆಯಾಗಿ ಏಳುತ್ತದೆ. ಪಿಕಾಸಿಯ ತಲೆಗೆ ಅಂಟಿಸಿದ ಆಯಸ್ಕಾಂತವನ್ನು ಗುಂಡಿಯಲ್ಲಿ ಆಡಿಸಿದ್ದೇ ತಡ, ಟಕ್ಕೆಂದು ಏನೋ ಹಾರಿ ಕಚ್ಚಿಕೊಳ್ಳುತ್ತದೆ. ಒಂದು ಬೂಟಿನ ಮೊಳೆ. ಉಗುರಿನಷ್ಟು ಉದ್ದ, ತುಕ್ಕು ಹಿಡಿದು ಕೆಂಪಾದದ್ದು.

ಅಣ್ಣನಿಗೆ ಖುಷಿಯೋ ಖುಷಿ. “ಇಷ್ಟು ಸಣ್ಣ ಮೊಳೆ, ಅದೂ ತುದಿಯಲ್ಲಿ, ಅದೂ ಎಡಗೈಯಲ್ಲಿ! ಬಂಗಾರ ಇದ್ದಿದ್ದರೆ ಬಿಡ್ತಿದ್ಯಾ ನೀನು?”

ಗುಂಡಿ ಮುಚ್ಚಿ ಮೆಟ್ಟುತ್ತೀರಿ. ಅಗೆದದ್ದನ್ನು ಮುಚ್ಚಲೇಬೇಕು, ವಿಕ್ಟೋರಿಯಾ ಸರ್ಕಾರ ಕೊಡುವ ಮೈನರ್ಸ್ ರೈಟ್ ಪರವಾನಗಿ ಜೇಬಿನಲ್ಲಿರುವವರು ಪಾಲಿಸಬೇಕಾದ ನಿಯಮವಿದು. ಈ ಜಾಗ ಮೂಲನಿವಾಸಿ ಜಾ ಜಾ ವುರುಂಗ್ ಜನರ ಪುರಾತನ ನೆಲವೂ ಹೌದು, ಅವರ ಕಲ್ಲಿನ ಉಪಕರಣ ಕಣ್ಣಿಗೆ ಬಿದ್ದರೆ ಮುಟ್ಟುವಂತಿಲ್ಲ.

ಸಂಜೆ ಕಾರಿನ ಪಕ್ಕ ನಿಲ್ಲಿಸಿ ಅಣ್ಣ ನಿಮ್ಮ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸುತ್ತಾರೆ. ಸರಾಗವಾಗಿ ಏಳುತ್ತವೆ. ಸೊಂಟ, ತೊಡೆ ದಣಿದಿವೆ, ದಿನವಿಡೀ ದುಡಿದದ್ದು ಅವೇ. “ರಾತ್ರಿ ಆ ಮಗ್ಗುಲು ಮಲಗೋಕಾಗದಂತೆ ಭುಜ ನೋಯೋದು, ಬೆರಳು ಮರಗಟ್ಟೋದು, ಕೈ ಎತ್ತೋಕೇ ಆಗದಿರೋದು, ಇವು ಬಂದರೆ ತಡ ಮಾಡಬೇಡ, ಡಾಕ್ಟರ್ ಹತ್ತಿರ ಹೋಗು. ಬರೀ ಮೈಕೈ ಬಿಗಿತ ಆದರೆ ಬಿಸಿನೀರು ಹುಯ್ಕೊಂಡು ಮಲಗು.”

“ನಾಳೆ ಎಷ್ಟೊತ್ತಿಗೆ ಅಣ್ಣಾ?”

“ಏಳಕ್ಕೆ. ಎಡಗೈಯಿಂದ ಶುರು ಮಾಡೋಣ.”