ಬಿಚ್ಚದ ಗಂಟು

ಇಳಕಲ್‌ನಿಂದ ಕಾಕಾ ಫೋನ್ ಮಾಡಿದ್ರು. "ತಮ್ಮಾ, ಸೀರಿ ಆರ್ಡರ್ ಮೇಲ್ ಬಂದೈತಿ, ಫೈಲ್ ಓಪನ್ನ ಆಗವಲ್ದು. ನಾಳೆ ನೂಲು ಬಣ್ಣಕ್ಕ ಕೊಡಬೇಕು. ತಪ್ಪಿದ್ರ ಮಗ್ಗ ಖಾಲಿ ಕೂಡ್ತೈತಿ."

ಮೇಲ್ ನನಗೆ ಫಾರ್ವರ್ಡ್ ಮಾಡಿಸ್ಕೊಂಡೆ. ಡಿಸೈನ್ ಬದಲು ‘ವಿನ್‌ಮೇಲ್.ಡ್ಯಾಟ್’ ಅನ್ನೋ ಒಂದೇ ಫೈಲ್!

ಅಟ್ಯಾಚ್‌ಮೆಂಟ್‌ಗೆ 1992ರಿಂದಲೇ ‘ಮೈಮ್’ ಅನ್ನೋ ಮಾನದಂಡ ಇದೆ. ಇದು ಚಿತ್ರ, ಇದು ಪಿಡಿಎಫ್ ಅಂತ ಪ್ರತಿ ಫೈಲಿಗೂ ಚೀಟಿ ಇರುತ್ತೆ. ಯಾವ ಫೋನೂ ಓದಬಹುದು. ಆದರೆ ಕಳಿಸಿದವರು ‘ರಿಚ್ ಟೆಕ್ಸ್ಟ್’ ಇಟ್ಟಿದ್ರು. ಅವರ ಮೇಲ್ ಪ್ರೋಗ್ರಾಂ ಎಲ್ಲವನ್ನೂ ತನಗಷ್ಟೇ ತಿಳಿಯೋ ಗಂಟು ಕಟ್ಟಿತ್ತು. ನಾನು ಬಿಚ್ಚಿ, ಚಿತ್ರ ತೆಗೆದು ಕಾಕಾಗೆ ಕಳಿಸಿದೆ. ಇನ್ಮುಂದೆ ‘ಎಚ್‌ಟಿಎಂಎಲ್’ ಇಟ್ಟು ಕಳಿಸಿ ಅಂತ ಅವರಿಗೂ ಬರೆದೆ.

"ಒಡಲಿಗೂ ಸೆರಗಿಗೂ ಕೊಂಡಿ ಕೂಡಲಿಲ್ಲಂದ್ರ ಅದು ಇಳಕಲ್ ಸೀರಿನ ಅಲ್ಲ. ನಿಮ್ಮ ಮೇಲೂ ಹಂಗ ಅನ್ನು" ಅಂದ್ರು ಕಾಕಾ.