ಸುಣ್ಣ ಕೇಳುವ ದೆವ್ವಕ್ಕೊಂದು ರಿಮೇಕ್

ದೀಪಾವಳಿ ರಜೆಗೆ ಮೊಮ್ಮಕ್ಕಳು ಬಂದಿದ್ದರು. ರಾತ್ರಿ ಕರೆಂಟು ಹೋದದ್ದೇ ತಡ, ಎಂಟು ವರ್ಷದ ಮೊಮ್ಮಗಳು 'ದೆವ್ವದ ಕಥೆ ಹೇಳು ತಾತ' ಎಂದು ಪಕ್ಕಕ್ಕೆ ಬಂದು ಕೂತಳು.

ನನ್ನ ಹತ್ತಿರ ಇರುವುದು ಒಂದೇ ದೆವ್ವ. ಸಂತೆ ಮುಗಿಸಿ ಎತ್ತಿನ ಗಾಡಿಯಲ್ಲಿ ಬರುವವನನ್ನು ಹುಣಸೆಮರದ ಕೆಳಗೆ ಹೆಂಗಸೊಬ್ಬಳು ನಿಲ್ಲಿಸಿ, 'ಎಲೆಗೆ ಸ್ವಲ್ಪ ಸುಣ್ಣ ಇದೆಯಾ?' ಎಂದು ಕೇಳುತ್ತಾಳೆ. ಬಗ್ಗಿ ನೋಡಿದರೆ ಅವಳ ಪಾದ ಹಿಂದುಮುಂದು! ನನ್ನ ಅಜ್ಜಿ ನನಗೆ ಹೇಳಿದ ಕಥೆ ಇದು. ನನ್ನ ಮಗ, ಆಮೇಲೆ ಹಿರಿಯ ಮೊಮ್ಮಗ, ಇಬ್ಬರೂ ಇದನ್ನು ಕೇಳಿ ನನ್ನ ಪಂಚೆಯಲ್ಲಿ ಮುಖ ಮುಚ್ಚಿಕೊಂಡವರೇ.

ಈ ಸಲ ಗಾಡಿ ಹುಣಸೆಮರದ ಹತ್ತಿರ ಬರುವಷ್ಟರಲ್ಲಿ ಮೊಮ್ಮಗಳು ಆಕಳಿಸಿದಳು. 'ಗೊತ್ತು ತಾತ, ಕಾಲು ಉಲ್ಟಾ ಇರುತ್ತೆ.'

ಬೇಜಾರಾಯಿತು. ಕೆಲಸದಿಂದ ನಿವೃತ್ತನಾದಾಗಲೂ ಅಷ್ಟು ಬೇಜಾರಾಗಿರಲಿಲ್ಲ.

ಅವಳು ಮಲಗಿದ ಮೇಲೆ ಹಿರಿಯ ಮೊಮ್ಮಗ ಲ್ಯಾಪ್‌ಟಾಪ್ ತೆಗೆದ. ಅವನಿಗೀಗ ಇಪ್ಪತ್ತಮೂರು, ಬೆಂಗಳೂರಿನಲ್ಲಿ ಕೆಲಸ. 'ತಾತ, ನಿನ್ನ ಕಥೆಯಲ್ಲಿ ತಪ್ಪಿಲ್ಲ. ಅದಕ್ಕೊಂದು ರಿಮೇಕ್ ಬೇಕು ಅಷ್ಟೆ' ಎಂದ. ಅವನು ತೋರಿಸಿದ್ದು 'ರೆಸಿಡೆಂಟ್ ಈವಿಲ್' ಎಂಬ ವಿಡಿಯೊ ಗೇಮ್. ಜಪಾನಿನ ಒಸಾಕಾದ ಕ್ಯಾಪ್‌ಕಾಮ್ ಕಂಪನಿಯದು. ದೊಡ್ಡವರಿಗೆಂದೇ ಮಾಡಿದ ಆಟ, ಮಕ್ಕಳು ಆಡುವಂಥದ್ದಲ್ಲ. ಅದಕ್ಕೇ ಪುಟ್ಟಿ ಮಲಗುವವರೆಗೆ ಕಾದಿದ್ದ.

1996ರ ಮೊದಲ ಆಟದಲ್ಲಿ ಹಳೆಯ ಬಂಗಲೆಯ ಓಣಿಯೊಂದರಲ್ಲಿ ನಡೆಯುವಾಗ ನಾಯಿ ಥಟ್ಟನೆ ಕಿಟಕಿ ಒಡೆದುಕೊಂಡು ಮೇಲೆ ಹಾರುತ್ತದೆಯಂತೆ. ಆಡಿದವರೆಲ್ಲರಿಗೂ ಆ ಜಾಗ ನೆನಪು. 2002ರಲ್ಲಿ ಅದೇ ಆಟವನ್ನು ಮತ್ತೆ ಮಾಡಿದರು. ಎರಡಕ್ಕೂ ನಿರ್ದೇಶಕ ಒಬ್ಬರೇ, ಶಿಂಜಿ ಮಿಕಾಮಿ. ತಾವು ಹೇಳಿದ ಕಥೆಯನ್ನೇ ಮತ್ತೆ ಹೇಳಬೇಕು, ಕೇಳುವವರಿಗೋ ಅದು ಬಾಯಿಪಾಠ. ನನ್ನದೇ ಕಷ್ಟ! ಅವರೇನು ಮಾಡಿದರು ಗೊತ್ತೇ? ಹೊಸ ಆಟದಲ್ಲಿ ಮೊದಲ ಸಲ ಆ ಓಣಿ ದಾಟುವಾಗ ಕಿಟಕಿಯ ಗಾಜು ಬಿರುಕು ಬಿಡುತ್ತದೆ, ಅಷ್ಟೇ. ನಾಯಿ ಬರುವುದಿಲ್ಲ. ಈಗ ಬರುತ್ತೆ, ಈಗ ಬರುತ್ತೆ ಎಂದು ಕಾದು ಸುಸ್ತಾಗಿ, ಇನ್ನು ಬರುವುದಿಲ್ಲ ಎಂದುಕೊಂಡ ಮೇಲೆ ಇನ್ಯಾವಾಗಲೋ ಬರುತ್ತದೆ.

'ರೆಸಿಡೆಂಟ್ ಈವಿಲ್ 2' ಬಂದದ್ದು 1998ರಲ್ಲಿ. ಅದರಲ್ಲಿ ಮಿಸ್ಟರ್ ಎಕ್ಸ್ ಎಂಬ ದೈತ್ಯ ಗೊತ್ತಾದ ಜಾಗಗಳಲ್ಲಷ್ಟೇ ಎದುರಾಗುತ್ತಿದ್ದ. 2019ರ ರಿಮೇಕ್‌ನಲ್ಲಿ ಅವನು ಪೊಲೀಸ್ ಠಾಣೆಯ ತುಂಬ ಹುಡುಕಿಕೊಂಡು ಓಡಾಡುತ್ತಾನೆ. ಮೊಮ್ಮಗ ಆಟ ಹಾಕಿದ. ಪರದೆಯ ಮೇಲೆ ಯಾರೂ ಇಲ್ಲ. ಎಲ್ಲೋ ಮೇಲಿನಿಂದ ಧಡ್, ಧಡ್ ಎಂದು ಹೆಜ್ಜೆ ಸದ್ದು. ನಾನು ಕಾಲನ್ನು ಕುರ್ಚಿಯ ಮೇಲೆತ್ತಿಕೊಂಡೆ.

2005ರ 'ರೆಸಿಡೆಂಟ್ ಈವಿಲ್ 4'ರಲ್ಲಿ ಹೆದರಿಕೆಗಿಂತ ಹೊಡೆದಾಟ ಹೆಚ್ಚು. 2023ರ ರಿಮೇಕ್‌ನಲ್ಲಿ ಹೊಡೆದಾಟ ಉಳಿಸಿಕೊಂಡೇ ಕತ್ತಲೆ ಹೆಚ್ಚಿಸಿದರು. ಹಿಂದೆ ಎಷ್ಟು ಬಳಸಿದರೂ ಸವೆಯದಿದ್ದ ಚಾಕು ಈಗ ಸವೆದು ಮುರಿಯುತ್ತದೆ. ಕೋಟೆಯೊಳಗೆ ಒಂಟಿ ಹುಡುಗಿಯ ಕೈಯಲ್ಲಿರುವುದು ಒಂದು ಲಾಂದ್ರ ಮಾತ್ರ. ಸುತ್ತ ನಿಂತ ಕಬ್ಬಿಣದ ಕವಚಗಳು ಕಿರ್ರೆಂದು ನಡೆಯತೊಡಗುತ್ತವೆ.

'ದೆವ್ವ ಹೆಚ್ಚಿಗೆ ಸೇರಿಸಿದರೆ ಹೆದರಿಕೆ ಹೆಚ್ಚಲ್ಲ ತಾತ. ಕೈಯಲ್ಲಿರೋದನ್ನ ಕಮ್ಮಿ ಮಾಡಬೇಕು, ಗೊತ್ತಿರೋದನ್ನ ತಪ್ಪಿಸಬೇಕು' ಎಂದ.

ಮಾರನೆಯ ರಾತ್ರಿ ನಾನೇ ದೀಪ ಆರಿಸಿ ಕಥೆ ಶುರು ಮಾಡಿದೆ. ಗಾಡಿ ಹುಣಸೆಮರದ ಹತ್ತಿರ ಬಂತು. ಮೊಮ್ಮಗಳು 'ಈಗ ಸುಣ್ಣ ಕೇಳ್ತಾಳೆ' ಎಂದಳು. ಯಾರೂ ಕೇಳಲಿಲ್ಲ. ಮರದ ಕೆಳಗೆ ಯಾರೂ ಇಲ್ಲ. ಆದರೆ ಎತ್ತುಗಳು ನಿಂತುಬಿಟ್ಟವು. ಅವನು ಕೆಳಗಿಳಿದು ಲಾಂದ್ರ ಎತ್ತಿ ನೋಡಿದ. ಎಣ್ಣೆ ತೀರಿ ಲಾಂದ್ರವೂ ಆರಿತು. ಹೇಗೋ ಗಾಡಿ ಹೊರಟಿತು, ಹಿಂದೆ ಗೆಜ್ಜೆ ಸದ್ದು. ಮೊಮ್ಮಗಳು ನನ್ನ ತೋಳು ಹಿಡಿದಳು. ಅವನು ಮನೆ ತಲುಪಿ ಬಾಗಿಲು ತಟ್ಟಿದ. ಒಳಗಿನಿಂದ ಹೆಂಗಸಿನ ದನಿ: 'ಸುಣ್ಣ ತಂದ್ಯಾ?'

ಅವಳು ಕಿರುಚಿದ್ದು ಪಕ್ಕದ ಮನೆಗೂ ಕೇಳಿತು. ನನಗೆ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆ ಬೆಳಗಿನವರೆಗೂ ಉಳಿಯಲಿಲ್ಲ. ಮಗು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಹಗಲಲ್ಲೂ ಅಡುಗೆಮನೆಗೆ ಒಬ್ಬಳೇ ಹೋಗಲೊಲ್ಲಳು. 'ಮಾವ, ನೀವೂ ಹೀಗೆ ಮಾಡಿದರೆ ಹೇಗೆ?' ಎಂದಳು ಸೊಸೆ. ಅದಕ್ಕಿಂತ ಚುಚ್ಚಿದ್ದು ಇನ್ನೊಂದು: ಸಂಜೆ ಮೊಮ್ಮಗಳು ನನ್ನ ಪಕ್ಕ ಕೂರಲಿಲ್ಲ.

ಮೊಮ್ಮಗ ತಲೆ ಕೆರೆದುಕೊಂಡ. 'ತಾತ, ನೀನು ಸೇವ್ ರೂಮಿಗೇ ದೆವ್ವ ಬಿಟ್ಟುಬಿಟ್ಟೆ.' ಆ ಆಟಗಳಲ್ಲಿ ಟೈಪ್‌ರೈಟರ್ ಇಟ್ಟ ಕೋಣೆಗಳಿರುತ್ತವೆಯಂತೆ. ಅಲ್ಲಿ ಮೆಲುವಾದ ಸಂಗೀತ. ಆಟಗಾರ ಅಲ್ಲಿ ಕೂತು, ಅಲ್ಲಿಯವರೆಗಿನ ಆಟ ಉಳಿಸಿಕೊಂಡು, ಉಸಿರು ಬಿಟ್ಟು ಮತ್ತೆ ಕತ್ತಲೆಗೆ ಹೋಗುತ್ತಾನೆ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ನಾನು ಕುಟ್ಟಿದ್ದೂ ಟೈಪ್‌ರೈಟರನ್ನೇ. ಅದರ ಹತ್ತಿರ ದೆವ್ವ ಬರುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ! ನಗು ಬಂತು, ತಪ್ಪೂ ತಿಳಿಯಿತು. ನನ್ನ ಅಜ್ಜಿ ದೆವ್ವವನ್ನು ಹುಣಸೆಮರ ದಾಟಿ ಬರಲು ಎಂದೂ ಬಿಟ್ಟಿರಲಿಲ್ಲ. ಮನೆ ಮನೆಯಾಗಿಯೇ ಇರುತ್ತಿತ್ತು.

ಅವರು ಹೊರಡುವ ಹಿಂದಿನ ರಾತ್ರಿ ಮೊಮ್ಮಗಳನ್ನು ಕರೆದು, ದೀಪ ಹಚ್ಚಿಟ್ಟುಕೊಂಡೇ ಕೇಳಿದೆ. 'ಆ ಕಥೆಯ ಮೊದಲನೇ ಭಾಗ ಹೇಳೋದು ಮರೆತಿದ್ದೆ, ಹೇಳಲಾ?' ಅವಳು ದೂರ ಕೂತೇ ತಲೆಯಾಡಿಸಿದಳು. 'ಬೆಳಿಗ್ಗೆ ಅವನು ಸಂತೆಗೆ ಹೊರಟಾಗ ಹೆಂಡತಿ ಹೇಳಿದ್ದಳು. ಮನೆಯಲ್ಲಿ ಎಲೆಗೆ ಸುಣ್ಣ ಇಲ್ಲ, ಮರೀದೆ ತಗೊಂಡು ಬಾ ಅಂತ.'

ಅವಳು ಎರಡು ಕ್ಷಣ ಸುಮ್ಮನಿದ್ದಳು. ಆಮೇಲೆ ನಕ್ಕಳು. 'ಹಾಗಾದ್ರೆ ಒಳಗಿದ್ದಿದ್ದು ಹೆಂಡ್ತಿ! ಅವನು ಮರೆತುಬಿಟ್ಟಿದ್ನಾ?'

'ಮರೆತಿದ್ದ. ಬೈಸಿಕೊಂಡು ಉಂಡು ಮಲಗಿದ.'

ಅವಳು ಸರಿದು ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟಳು. ನಿದ್ದೆ ಬಂತೆಂದುಕೊಂಡೆ. ಆಗ ಮೆಲ್ಲಗೆ ಕೇಳಿದಳು: 'ತಾತ, ಮತ್ತೆ ಹುಣಸೆಮರದ ಹತ್ತಿರ ಎತ್ತು ಯಾಕೆ ನಿಂತ್ವು?'

'ಅದು ಮುಂದಿನ ರಜೆಗೆ' ಎಂದೆ.