ಜೇಬಿನಲ್ಲಿ ಸಿಕ್ಕಿದ ರಸೀದಿ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯ ಮನೆಗಳಲ್ಲಿ ‘ಸೀಸನ್’ ಎಂದರೆ ಮಾವಿನ ಕಾಲವಲ್ಲ, ಮದುವೆಯ ಕಾಲವೂ ಅಲ್ಲ. ರೈಲಿನ ತಿಂಗಳ ಪಾಸು. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ನಡುವೆ ಗಡಿಯಿರಲಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ನಮ್ಮ ಕಾಲೇಜು, ಆಸ್ಪತ್ರೆ, ಜವಳಿ ಅಂಗಡಿಗಳು ನೇತ್ರಾವತಿಯ ಆಚೆಯೇ ಉಳಿದುವು. ಆದ್ದರಿಂದ ಬೆಳಗಾದರೆ ನಮ್ಮ ಮಕ್ಕಳು ಬುತ್ತಿ, ಕೊಡೆ, ಸೀಸನ್ ಮೂರನ್ನೂ ಹಿಡಿದು ನಿಲ್ದಾಣಕ್ಕೆ ಓಡುತ್ತಾರೆ.

ನಮ್ಮ ಮಗನೂ ಹಾಗೆಯೇ ಓಡುವವನು. ಮೊಬೈಲಿನಲ್ಲಿಯೇ ಸೀಸನ್ ಪಡೆಯುವ ಏರ್ಪಾಡು ಬಂದು ವರ್ಷಗಳಾದರೂ, ಅವನದು ಕಾಲೇಜಿನ ಪ್ರಮಾಣಪತ್ರ ತೋರಿಸಿ ರಿಯಾಯಿತಿಯಲ್ಲಿ ಪಡೆದ ಕಾಗದದ ಸೀಸನ್. ಅದನ್ನೂ ಭಾವಚಿತ್ರವಿರುವ ಗುರುತಿನ ಚೀಟಿಯನ್ನೂ ಒಂದೇ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದ.

ಕಳೆದ ಮಳೆಗಾಲದ ಒಂದು ಶನಿವಾರ ಮನೆಯವಳು ಅವನ ಅಂಗಿಯನ್ನು ಒಗೆಯಲು ತೆಗೆದಾಗ ಜೇಬಿನಲ್ಲಿ ಒಂದು ರಸೀದಿ ಸಿಕ್ಕಿತು. ಟಿಕೇಟಿಲ್ಲದ ಪ್ರಯಾಣಕ್ಕೆ 250 ರೂಪಾಯಿ ದಂಡ, ಮೇಲೆ ಪ್ರಯಾಣದ ದರ. ನಾವಿಬ್ಬರೂ ಅದನ್ನು ಓದಿ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಮೂರು ತಲೆಮಾರು ಈ ದಾರಿಯಲ್ಲಿ ಓಡಾಡಿದ ಮನೆ ನಮ್ಮದು; ಟಿಕೇಟಿಲ್ಲದೆ ಗಾಡಿ ಹತ್ತಿದವರು ಒಬ್ಬರೂ ಇಲ್ಲವೆಂಬುದು ನಮ್ಮ ಹೆಮ್ಮೆ. ಸೀಸನ್ನಿಗೆಂದು ಕೊಟ್ಟ ಹಣ ಎಲ್ಲಿಗೆ ಹೋಯಿತು? ಸಂಜೆ ಅವನು ಅಂಗಳಕ್ಕೆ ಕಾಲಿಡುವುದೇ ತಡ, ಕೇಳುವ ಮೊದಲೇ ಗದರಿದೆವು. ನೆರೆಮನೆಗೂ ಕೇಳಿಸಿರಬೇಕು.

ಅವನು ಎದುರು ಮಾತಾಡಲಿಲ್ಲ. ಚೀಲದಿಂದ ಏಳೆಂಟು ಟಿಕೇಟುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಕುಂಬಳೆಯಿಂದ ಮಂಗಳೂರು, ಮಂಗಳೂರಿನಿಂದ ಕುಂಬಳೆ; ದಿನಕ್ಕೆರಡು. ಸೋಮವಾರ ಬೆಳಗ್ಗಿನ ನೂಕುನುಗ್ಗಲಿನಲ್ಲಿ ಸೀಸನ್ ಬಿದ್ದುಹೋಗಿತ್ತೋ, ಯಾರಾದರೂ ತೆಗೆದರೋ, ಅವನಿಗೇ ತಿಳಿಯದು. ಮಂಗಳೂರಿನಲ್ಲಿ ಇಳಿದಾಗ ಪರೀಕ್ಷಕರು ಕೈಚಾಚಿದ್ದರು, ಜೇಬು ಬರಿದಾಗಿತ್ತು. ಕಳೆದುಹೋಯಿತೆಂದರೆ, “ಎಲ್ಲರೂ ಹೇಳುವುದು ಅದನ್ನೇ” ಎಂದರಂತೆ. ಅವರನ್ನು ದೂರುವಂತಿಲ್ಲ. ಸೀಸನ್ ತೋರಿಸಲಾರದವನು ಅವರ ಪಾಲಿಗೆ ಟಿಕೇಟಿಲ್ಲದವನೇ. ತಿಂಗಳ ಖರ್ಚಿಗಿದ್ದುದರಲ್ಲಿ ದಂಡ ತೆತ್ತು, ಉಳಿದುದರಲ್ಲಿ ದಿನವೂ ಟಿಕೇಟು ಕೊಂಡಿದ್ದ. ಆ ವಾರ ಸಂಜೆ ಬಂದವನೇ ಚಹಾದ ಹೊತ್ತಿಗೆ ಅನ್ನ ಕೇಳುತ್ತಿದ್ದುದರ ಕಾರಣ ಆಗ ಹೊಳೆಯಿತು. ಅವಸರಕ್ಕೆ ಬುತ್ತಿ ಬಿಟ್ಟು ಹೋದ ದಿನ ಹೊಟೇಲಿಗೆ ಹೋಗಲು ಅವನಲ್ಲಿ ಕಾಸಿರಲಿಲ್ಲ.

“ನಮಗೆ ಹೇಳಬಾರದಿತ್ತೇ ಮಗಾ?” ಎಂದಳು ತಾಯಿ.

“ಹೋದ ವರ್ಷ ಕೊಡೆ ಕಳೆದಾಗ ಒಂದು ವಾರ ಹೇಳುತ್ತಲೇ ಇದ್ದಿರಲ್ಲಾ ಅಮ್ಮಾ.”

ನಾವು ಉತ್ತರಿಸಲಿಲ್ಲ. ಆ ಕೊಡೆಯ ಬೆಲೆ ಎಷ್ಟೆಂಬುದು ಕೂಡ ಈಗ ನೆನಪಿಲ್ಲ. ಆಡಿದ ಮಾತುಗಳು ಮಾತ್ರ ಮೂವರಿಗೂ ನೆನಪಿದ್ದುವು. ರಾತ್ರಿ ಊಟಕ್ಕೆ ಕುಳಿತಾಗ, ಕೇಳದೆ ಗದರಿದ್ದು ನಮ್ಮ ತಪ್ಪೆಂದು ಹೇಳಿದೆವು. ಹೆತ್ತವರಿಗೆ ಈ ಮಾತು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಅವನು “ಇರಲಿ ಅಪ್ಪಾ” ಎಂದು ಸಾರು ಬಡಿಸಿಕೊಂಡ.

ಸೋಮವಾರ ನಿಲ್ದಾಣಕ್ಕೆ ಜೊತೆಯಾಗಿಯೇ ಹೋದೆವು. ಕೌಂಟರಿನಲ್ಲಿದ್ದವರು ಸಮಾಧಾನದಿಂದ ಮಲಯಾಳದಲ್ಲಿ ವಿವರಿಸಿದರು: ಕಳೆದ ಸೀಸನ್ನಿಗೆ ಪ್ರತಿ ಕೊಡುವ ಕ್ರಮವಿಲ್ಲ, ಹಣವೂ ಹಿಂದೆ ಬರುವುದಿಲ್ಲ, ಹೊಸತನ್ನೇ ಕೊಳ್ಳಬೇಕು. ಗುರುತಿನ ಚೀಟಿಯೂ ಹೋದುದರಿಂದ ಅದೂ ಹೊಸತು. ರಿಯಾಯಿತಿಗೆ ಕಾಲೇಜಿನಿಂದ ಮತ್ತೆ ಪ್ರಮಾಣಪತ್ರ. ಮೂರು ದಿನ ಓಡಾಟವಾಯಿತು. ಹಳೆಯ ಚೀಟಿಯ ಸಂಖ್ಯೆಯನ್ನು ನಾವು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಈಗ ಸೀಸನ್ನಿನ ಮತ್ತು ಚೀಟಿಯ ಚಿತ್ರ ತಾಯಿಯ ಮೊಬೈಲಿನಲ್ಲಿದೆ. ಚಿತ್ರ ತೋರಿಸಿ ಪ್ರಯಾಣ ಮಾಡಲಾಗದಾದರೂ ಸಂಖ್ಯೆ, ತಾರೀಕುಗಳಿಗಾದರೂ ಅದು ಆಗುತ್ತದೆ. ದಂಡದ ಹಣವನ್ನು ಅವನಿಗೆ ಹಿಂದೆ ಕೊಟ್ಟೆವು. ಬೇಡವೆಂದು ಒಂದು ಸಲ ಹೇಳಿ ತೆಗೆದುಕೊಂಡ.

ಮತ್ತೆರಡು ವಾರ ಕಳೆದ ಮೇಲೆ ಅಂಚೆಯವನು ಒಂದು ಲಕೋಟೆಯೊಡನೆ ಬಂದ. ಅಂಚೆಚೀಟಿ ಹಚ್ಚಿರಲಿಲ್ಲ, ದಂಡ ಕೊಟ್ಟು ಬಿಡಿಸಿಕೊಂಡೆವು. ಗುರುತಿನ ಚೀಟಿಯ ಮೇಲಿದ್ದ ನಮ್ಮ ವಿಳಾಸವನ್ನು ಯಾರೋ ಗುಂಡು ಗುಂಡಾದ ಮಲಯಾಳ ಅಕ್ಷರಗಳಲ್ಲಿ ಬರೆದಿದ್ದರು. ಕಳುಹಿಸಿದವರ ಹೆಸರಿಲ್ಲ, ಕಾಗದವೂ ಇಲ್ಲ. ಒಳಗೆ ಅದೇ ಪ್ಲಾಸ್ಟಿಕ್ ಹೊದಿಕೆ, ಚೀಟಿ, ಸೀಸನ್. ನೀರು ತಾಗಿದ್ದರೂ ಮಗನ ಮುಖ ಸ್ಪಷ್ಟವಾಗಿಯೇ ಇತ್ತು. ಸೀಸನ್ನಿನ ಅವಧಿ ಮುಗಿದು ಮೂರು ದಿನವಾಗಿತ್ತು.